ರಾಬರ್ಟ್ ಬ್ರೂಸ್ ಫೂಟ್ ಮತ್ತು ಕಾವೇರಿ–ಕಪಿಲಾ ಸಂಗಮದ ಪ್ರಾಗಿತಿಹಾಸ

ವಯನಾಡಿನ ಬೆಟ್ಟಗಳಲ್ಲಿ ಹುಟ್ಟುವ ಕಪಿಲಾ ನದಿಯು ಹೆಗ್ಗಡದೇವನಕೋಟೆಯ ಕಾಡುಗಳನ್ನು ಹಾದು, ನಂಜನಗೂಡು ಹಾಗೂ ಸುತ್ತೂರುಗಳ ದಂಡೆಯನ್ನು ಮುಟ್ಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಈ ದಾರಿಯುದ್ದಕ್ಕೂ ದೇವಾಲಯಗಳಿವೆ, ಮಠಗಳಿವೆ, ಶಾಸನಗಳಿವೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು, ಮೈಸೂರು ಒಡೆಯರು ಹೀಗೆ ಸುಮಾರು ಒಂದೂವರೆ ಸಾವಿರ ವರ್ಷಗಳ ಚರಿತ್ರೆಯನ್ನು ಈ ಬರಹಗಳ ನೆರವಿನಿಂದ ಕಟ್ಟಲಾಗಿದೆ. ಆದರೆ ದಾನ ಕೊಡುವ ಅರಸನೂ ಅದನ್ನು ಪಡೆಯುವ ವಿದ್ವಾಂಸನೂ ಬರುವ ಮೊದಲೇ ಈ ನದಿಗಳ ನೀರು ಕುಡಿದು, ದನ ಸಾಕಿ, ಮಡಕೆ ಮಾಡಿ, ಸತ್ತವರನ್ನು ಮನೆಯ ಸಮೀಪದಲ್ಲಿಯೇ ಮಣ್ಣು ಮಾಡಿ ಬದುಕಿದ ಜನರಿದ್ದರು. ಅವರು ಬರೆಯಲಿಲ್ಲ; ಆದ್ದರಿಂದ ಬಹುಕಾಲ ಚರಿತ್ರೆಯೊಳಗೆ ಅವರಿಗೆ ಎಡೆಯಿರಲಿಲ್ಲ. ಅವರ ಕುರುಹುಗಳನ್ನು ಕಾವೇರಿ–ಕಪಿಲೆಯರ ಕೂಡಲಿನಲ್ಲಿ ಮೊದಲು ಗುರುತಿಸಿ ದಾಖಲಿಸಿದವರು ವೃತ್ತಿಯಿಂದ ಭೂವಿಜ್ಞಾನಿಯಾಗಿದ್ದ ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಪ್ರಾಗಿತಿಹಾಸದ ಪಿತಾಮಹರೆಂದು ಹೆಸರಾದ ಫೂಟ್ ಅವರ ಜೀವನವನ್ನು ಕರ್ನಾಟಕದ ನದಿಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹುಟ್ಟು ಮತ್ತು ವೃತ್ತಿಯ ಆರಂಭ

ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ನಿಯೋಜಿತರಾದರು. ಆ ಇಲಾಖೆ ಹುಟ್ಟಿದ್ದು ಕಲ್ಲಿದ್ದಲು, ಲೋಹ ಮುಂತಾದ ಖನಿಜಗಳ ಅನ್ವೇಷಣೆಗಾಗಿ; ವಸಾಹತು ಆಡಳಿತದ ಆರ್ಥಿಕ ಅಗತ್ಯವೇ ಅದರ ಮೂಲ. ಆದರೆ ಬಂಡೆಗಳ ಜಾಡು ಹಿಡಿದು ಹಳ್ಳಕೊಳ್ಳಗಳಲ್ಲಿ ಕಾಲ್ನಡಿಗೆಯಲ್ಲೋ ಕುದುರೆಯ ಮೇಲೋ ತಿಂಗಳುಗಟ್ಟಲೆ ಸಂಚರಿಸುವ ಭೂವಿಜ್ಞಾನಿಗೆ ನೆಲವನ್ನು ಓದುವ ಅಭ್ಯಾಸ ತಾನಾಗಿ ಬರುತ್ತದೆ. ನೀರು ಉರುಳಿಸಿ ನುಣ್ಣಗೆ ಮಾಡಿದ ಕಲ್ಲಿಗೂ ಮನುಷ್ಯ ಉದ್ದೇಶಪಟ್ಟು ಚಕ್ಕೆ ಎಬ್ಬಿಸಿದ ಕಲ್ಲಿಗೂ ಇರುವ ಭೇದವನ್ನು ಕಾಣಬಲ್ಲ ಕಣ್ಣು ಅಂಥವನಿಗೆ ಇರುತ್ತದೆ. ಫೂಟ್ ಅವರ ಮುಂದಿನ ಸಾಧನೆಗೆಲ್ಲ ಈ ಕಣ್ಣೇ ಆಧಾರ.

ಮದರಾಸಿನಲ್ಲಿ ಅವರು ಪೀಟರ್ ಪರ್ಸಿವಲ್ ಅವರ ಮಗಳನ್ನು ವಿವಾಹವಾದರು. ಪರ್ಸಿವಲ್ ಅವರು ಯಾಳ್ಪಾಣದಲ್ಲಿ ಬಹುಕಾಲ ಕೆಲಸ ಮಾಡಿದ್ದ ತಮಿಳು ವಿದ್ವಾಂಸರು. ಶೆವರಾಯ್ ಬೆಟ್ಟದ ಏರ್ಕಾಡು ಮುಂದೆ ಫೂಟ್ ಅವರ ನೆಲೆಯಾಯಿತು. ಆ ಬೆಟ್ಟದ ಹಳ್ಳಿಗಳಲ್ಲಿ ನಯಗೊಳಿಸಿದ ಹಳೆಯ ಕಲ್ಗೊಡಲಿಗಳನ್ನು ಗುಡಿಗಳಲ್ಲಿ ಇಟ್ಟು ಪೂಜಿಸುವ ವಾಡಿಕೆಯಿತ್ತು. ನೆಲದಲ್ಲಿ ಸಿಕ್ಕ ಕೊಡಲಿಯು ಊರಿನವರಿಗೆ ದೈವದ ಗುರುತು, ಭೂವಿಜ್ಞಾನಿಗೆ ಕಾಲದ ಗುರುತು. ಒಂದೇ ವಸ್ತುವಿನ ಈ ಎರಡು ಅರ್ಥಗಳು ಪರಸ್ಪರ ಎದುರಾದದ್ದು ಫೂಟ್ ಅವರ ಕಾಲದಲ್ಲಿ.

ಪಲ್ಲಾವರಂ ಮತ್ತು ಅತ್ತಿರಂಪಾಕ್ಕಂ

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ, ಜಂಬಿಟ್ಟಿಗೆಯ ಗರಸನ್ನು ತೋಡಿದ್ದ ಗುಂಡಿಯೊಂದರ ಮಣ್ಣಿನಲ್ಲಿ, ಫೂಟ್ ಅವರಿಗೆ ಕಲ್ಲಿನ ಆಯುಧವೊಂದು ದೊರೆಯಿತು. ಅದು ಹಳೆಯ ಶಿಲಾಯುಗದ ಕೈಗೊಡಲಿಯೆಂದು ಅವರು ಗುರುತಿಸಿದರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಕೊರ್ತಲೈಯಾರ್ ನದಿಯ ಕಣಿವೆಯ ಅತ್ತಿರಂಪಾಕ್ಕಂನಲ್ಲಿ ಇಂಥ ಆಯುಧಗಳ ಸಮೃದ್ಧ ನೆಲೆಯನ್ನೇ ಕಂಡರು.

ಈ ಶೋಧದ ಮಹತ್ವ ತಿಳಿಯಲು ಅಂದಿನ ಯುರೋಪಿನ ಸ್ಥಿತಿಯನ್ನು ನೆನೆಯಬೇಕು. ಫ್ರಾನ್ಸಿನ ಸೊಮ್ಮ್ ನದಿಯ ಗರಸಿನಲ್ಲಿ, ಅಳಿದುಹೋದ ಪ್ರಾಣಿಗಳ ಎಲುಬುಗಳ ಜೊತೆಗೆ, ಮನುಷ್ಯ ಮಾಡಿದ ಕಲ್ಲಿನ ಆಯುಧಗಳಿವೆಯೆಂದು ಬೂಶೆ ದ ಪೆರ್ತ್ ಬಹುಕಾಲ ವಾದಿಸಿದ್ದರು. ಇಂಗ್ಲೆಂಡಿನ ವಿದ್ವಾಂಸರು ಆ ವಾದವನ್ನು ಸ್ಥಳಕ್ಕೆ ಹೋಗಿ ಪರೀಕ್ಷಿಸಿ ಒಪ್ಪಿದ್ದು 1859ರಲ್ಲಿ. ಅದಾಗಿ ನಾಲ್ಕೇ ವರ್ಷಗಳಲ್ಲಿ ದಕ್ಷಿಣ ಭಾರತದ ನದಿಗಳೂ ಅದೇ ಸಾಕ್ಷ್ಯವನ್ನು ನುಡಿದವು. ಭಾರತದ ಚರಿತ್ರೆಯನ್ನು ವೇದಗಳಿಂದಲೋ ಅಲೆಗ್ಸಾಂಡರನ ದಾಳಿಯಿಂದಲೋ ಆರಂಭಿಸುತ್ತಿದ್ದ ಕಾಲದಲ್ಲಿ, ದಕ್ಷಿಣದ ಕಣಿವೆಗಳಲ್ಲಿ ಅದಕ್ಕಿಂತ ಬಹು ಹಿಂದೆಯೇ ಮನುಷ್ಯರು ವಾಸಿಸಿದ್ದರೆಂಬುದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಎಷ್ಟು ಹಿಂದೆ ಎಂಬುದನ್ನು ಹೇಳುವ ಸಾಧನ ಫೂಟ್ ಅವರ ಬಳಿ ಇರಲಿಲ್ಲ. 2011ರಲ್ಲಿ ಶಾಂತಿ ಪಪ್ಪು ಮತ್ತು ಅವರ ಸಂಗಡಿಗರು ಅತ್ತಿರಂಪಾಕ್ಕಂನ ಹಳೆಯ ಸ್ತರಗಳಿಗೆ ಸುಮಾರು 15 ಲಕ್ಷ ವರ್ಷಗಳ ಪ್ರಾಚೀನತೆಯನ್ನು ನಿರ್ಧರಿಸಿ ಪ್ರಕಟಿಸಿದರು.

ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ

ಕರ್ನಾಟಕದೊಡನೆ ಫೂಟ್ ಅವರ ಸಂಬಂಧ ಗಾಢವಾದದ್ದು ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯಲಾಗುತ್ತಿದ್ದ ಬೆಳಗಾವಿ, ಧಾರವಾಡ, ಬಿಜಾಪುರಗಳ ಸರ್ವೇಕ್ಷಣೆಯಿಂದ. ಅದರ ಫಲವಾದ ಬೃಹತ್ ವರದಿ 1876ರಲ್ಲಿ ಪ್ರಕಟವಾಯಿತು. ಘಟಪ್ರಭಾ ಕಣಿವೆಯ ಗೋಕಾಕ ಸೀಮೆಯಲ್ಲಿ ಅಳಿದುಹೋದ ಘೇಂಡಾಮೃಗವೊಂದರ ಪಳೆಯುಳಿಕೆಗಳು ಅವರಿಗೆ ದೊರೆತವು. 1874ರಲ್ಲಿ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ, ದಖ್ಖನ್ನಿನ ಹೆಸರನ್ನೇ ಅದಕ್ಕಿಟ್ಟರು. ಇಂದು ಬಯಲಾಗಿರುವ ಆ ನೆಲದಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಮೇಯುವಷ್ಟು ಹುಲ್ಲೂ ನೀರೂ ಇದ್ದವೆಂಬ ತಿಳಿವಳಿಕೆ, ನದಿಯ ಬದುಕು ಸ್ಥಿರವಲ್ಲವೆಂಬುದಕ್ಕೆ ಸಾಕ್ಷಿಯಾಯಿತು.

ಬಾದಾಮಿ ಪರಿಸರದ ಮಲಪ್ರಭೆಯ ದಂಡೆಯಲ್ಲಿ, ಖ್ಯಾಡದಂಥ ನೆಲೆಗಳ ಗರಸಿನಲ್ಲಿ, ಕ್ವಾರ್ಟ್‌ಜೈಟ್ ಕಲ್ಲಿನ ಹಳೆಯ ಶಿಲಾಯುಗದ ಆಯುಧಗಳನ್ನು ಫೂಟ್ ಅವರು ಗುರುತಿಸಿದರು. ಚಾಲುಕ್ಯರ ಶಿಲ್ಪಿಗಳು ಗುಹೆಗಳನ್ನು ಕೊರೆಯುವುದಕ್ಕೆ ಲಕ್ಷಾಂತರ ವರ್ಷಗಳ ಮುನ್ನವೇ ಆ ಕಣಿವೆಯಲ್ಲಿ ಕಲ್ಲು ಕೆತ್ತಿದ ಕೈಗಳಿದ್ದವೆಂಬುದು ಇದರ ಅರ್ಥ. ಅವರು ತೋರಿದ ಈ ಜಾಡನ್ನೇ ಹಿಡಿದು 1950ರ ದಶಕದಲ್ಲಿ ಆರ್. ವಿ. ಜೋಶಿ ಅವರು ಮಲಪ್ರಭಾ ಕಣಿವೆಯ ವ್ಯವಸ್ಥಿತ ಅಧ್ಯಯನ ನಡೆಸಿದರು. ಧಾರವಾಡ ಸೀಮೆಯ ಹಳೆಯ ಶಿಲಾಸಮೂಹಕ್ಕೆ ಧಾರವಾಡ ವ್ಯವಸ್ಥೆಯೆಂಬ ಹೆಸರನ್ನು ಫೂಟ್ ಅವರು 1880ರ ದಶಕದಲ್ಲಿ ರೂಢಿಗೆ ತಂದರು. ಚಿನ್ನದ ಅದಿರು ಇರುವುದು ಬಹುಮಟ್ಟಿಗೆ ಈ ಶಿಲೆಗಳಲ್ಲಿಯೇ ಎಂಬ ಅವರ ಪ್ರತಿಪಾದನೆ ಮುಂದಿನ ಗಣಿ ಶೋಧಗಳಿಗೆ ದಾರಿ ತೋರಿತು. ಜಗತ್ತಿನ ಭೂವಿಜ್ಞಾನದಲ್ಲಿ ಕನ್ನಡ ನಾಡಿನ ಊರೊಂದರ ಹೆಸರು ಶಾಶ್ವತವಾಗಿ ನಿಂತದ್ದು ಹೀಗೆ.

ಬಳ್ಳಾರಿಯ ಬೂದಿದಿಬ್ಬಗಳು

ಬಳ್ಳಾರಿ ಜಿಲ್ಲೆಯ ಸರ್ವೇಕ್ಷಣೆಯಲ್ಲಿ ಫೂಟ್ ಅವರ ಪ್ರಾಗಿತಿಹಾಸದ ದೃಷ್ಟಿ ಪಕ್ವವಾಯಿತು. ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಕಲ್ಗೊಡಲಿಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸುತ್ತಿದ್ದ ನೆಲೆಯನ್ನು ಅವರು ಪರಿಶೀಲಿಸಿ ವರ್ಣಿಸಿದರು. ಒಡೆದ ಕಲ್ಲು, ಅರೆಬರೆ ರೂಪುಗೊಂಡ ಕೊಡಲಿ, ಉಜ್ಜಿ ನಯಗೊಳಿಸಿದ ಕೊಡಲಿ ಈ ಎಲ್ಲವೂ ಒಂದೆಡೆ ಸಿಕ್ಕಿದ್ದರಿಂದ ತಯಾರಿಕೆಯ ಪ್ರತಿಯೊಂದು ಹಂತವನ್ನೂ ಗುರುತಿಸುವುದು ಸಾಧ್ಯವಾಯಿತು. ಅಲ್ಲಿದ್ದದ್ದು ಅಲೆಮಾರಿಗಳ ತಾತ್ಕಾಲಿಕ ಬಿಡದಿಯಲ್ಲ, ಕಸುಬು ಬಲ್ಲವರ ನೆಲೆ.

ಅದೇ ಸೀಮೆಯ ಬೂದಿದಿಬ್ಬಗಳು ಅದುವರೆಗೆ ಒಗಟಾಗಿದ್ದವು. ಕುಡತಿನಿಯ ಬಳಿಯ ದಿಬ್ಬ ಇವುಗಳಲ್ಲಿ ಪ್ರಸಿದ್ಧವಾದದ್ದು. ಹಂಪಿಯ ಸಮೀಪದ ನಿಂಬಾಪುರದ ದಿಬ್ಬವನ್ನು ಜನರು ವಾಲಿಯನ್ನು ದಹಿಸಿದ ಸ್ಥಳವೆಂದು ನಂಬಿದ್ದರು. ವಿದ್ವಾಂಸರಲ್ಲಿ ಜ್ವಾಲಾಮುಖಿ, ಲೋಹ ಕರಗಿಸುವ ಕುಲುಮೆ, ಸಾಮೂಹಿಕ ದಹನ, ನರಬಲಿ ಮುಂತಾದ ಊಹೆಗಳಿದ್ದವು. ಫೂಟ್ ಅವರು ದಿಬ್ಬಗಳ ಕಿಟ್ಟದಂಥ ಬೂದಿಯನ್ನು ಪರೀಕ್ಷಿಸಿ, ಅದರೊಡನೆ ದೊರೆಯುವ ಕಲ್ಗೊಡಲಿ, ಮಡಕೆಚೂರು, ಎಲುಬುಗಳನ್ನು ಗಮನಿಸಿ, ಇವು ನವಶಿಲಾಯುಗದ ದನಗಾಹಿಗಳು ರಾಶಿಹಾಕಿದ ಸಗಣಿ ಸುಟ್ಟು ಆದ ದಿಬ್ಬಗಳೆಂದು ತೀರ್ಮಾನಿಸಿದರು. ಈ ಅಭಿಪ್ರಾಯ ಬಹುಕಾಲ ವಿವಾದಕ್ಕೊಳಗಾಯಿತು. ಎಫ್. ಆರ್. ಆಲ್ಚಿನ್ ಅವರು 1957ರಲ್ಲಿ ಉತ್ನೂರಿನಲ್ಲಿ ಉತ್ಖನನ ನಡೆಸಿ, ಸುಟ್ಟ ಸಗಣಿಯ ಪದರಗಳನ್ನೂ ದನದ ಹಟ್ಟಿಯ ಗೂಟಗುಳಿಗಳನ್ನೂ ದನಗಳ ಗೊರಸಿನ ಗುರುತುಗಳನ್ನೂ ತೋರಿಸಿದ ಮೇಲೆ ಫೂಟ್ ಅವರ ನಿಲುವು ಸ್ಥಿರಪಟ್ಟಿತು. ಪುರಾಣಕ್ಕೂ ಭಯಾನಕ ಊಹೆಗಳಿಗೂ ಒಳಗಾಗದೆ, ನಾಡಿನ ಹಳ್ಳಿಗಳಲ್ಲಿ ನಿತ್ಯವೂ ಕಾಣುವ ಸಗಣಿ, ಹಟ್ಟಿ, ಬೆಂಕಿಗಳಿಂದಲೇ ಉತ್ತರ ಕಂಡುಕೊಂಡದ್ದು ಅವರ ವಿಧಾನದ ಗಟ್ಟಿತನ. 1884ರಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳ ಅನ್ವೇಷಣೆಯನ್ನು ಆರಂಭಿಸಿದ ಅವರಿಗೆ, ಅಲ್ಲಿ ಸೇನಾಧಿಕಾರಿಯಾಗಿದ್ದ ಮಗ ಹೆನ್ರಿ ನೆರವಾದರು.

ಮೈಸೂರು ಸಂಸ್ಥಾನದಲ್ಲಿ

1891ರಲ್ಲಿ ಸರ್ವೇಕ್ಷಣ ಇಲಾಖೆಯಿಂದ ನಿವೃತ್ತರಾದ ಫೂಟ್ ಅವರು ಬರೋಡ ಸಂಸ್ಥಾನದ ಭೂವೈಜ್ಞಾನಿಕ ಸಮೀಕ್ಷೆಯನ್ನು ಕೈಗೊಂಡರು. ಅನಂತರ ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1894ರಲ್ಲಿ, ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮುಖ್ಯಸ್ಥರಾಗಿ ಬಂದರು. ಆಗ ಅವರಿಗೆ ಅರವತ್ತು ವರ್ಷ. ಕೋಲಾರದ ಚಿನ್ನ ಸಂಸ್ಥಾನದ ಬೊಕ್ಕಸಕ್ಕೆ ತಂದ ಆದಾಯವೇ ಇಂಥ ಇಲಾಖೆಯ ಹುಟ್ಟಿಗೆ ಪ್ರೇರಣೆ. ಹೊಸ ಗಣಿಗಳ ಸಾಧ್ಯತೆಯನ್ನು ಅರಸುವುದು ಫೂಟ್ ಅವರ ಅಧಿಕೃತ ಕರ್ತವ್ಯ. ಆ ಸಂಚಾರಗಳ ನಡುವೆಯೇ ಲಿಂಗದಹಳ್ಳಿಯಂಥ ಹಳೆಯ ಶಿಲಾಯುಗದ ನೆಲೆಗಳು ಅವರ ದಾಖಲೆಯನ್ನು ಸೇರಿದವು.

ಇಲ್ಲಿ ಒಂದು ಕಾಲಸಾಮ್ಯ ಗಮನಾರ್ಹ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟ ಹೊರಬಂದದ್ದು ಇದೇ 1894ರಲ್ಲಿ. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಇರುವುದು ಅದರಲ್ಲಿ. ಅಕ್ಷರ ಕೊರೆದ ಕಲ್ಲುಗಳನ್ನು ಒಂದು ಇಲಾಖೆ ಓದುತ್ತಿದ್ದ ಕಾಲದಲ್ಲಿಯೇ ಅಕ್ಷರವಿಲ್ಲದ ಕಲ್ಲುಗಳನ್ನು ಓದಬಲ್ಲವರೊಬ್ಬರು ಸಂಸ್ಥಾನಕ್ಕೆ ಬಂದರು. ಮೊದಲನೆಯ ಓದು ನಾಡಿನ ವಿದ್ವತ್ತಿನಲ್ಲಿ ಬೇರೂರಿ ದೊಡ್ಡ ಪರಂಪರೆಯಾಯಿತು. ಎರಡನೆಯದು ಬಹುಕಾಲ ಒಂಟಿಯಾಗಿಯೇ ಉಳಿಯಿತು.

ನರಸೀಪುರದ ಕೂಡಲು

ಫೂಟ್ ಅವರು ನರಸೀಪುರ ಸಂಗಮವೆಂದು ದಾಖಲಿಸಿದ ನೆಲೆಯು ಇರುವುದು ಕಾವೇರಿಯ ಎಡದಂಡೆಯಲ್ಲಿ, ಭಿಕ್ಷೇಶ್ವರ ದೇವಾಲಯದ ಪರಿಸರದಲ್ಲಿ. ಯಾತ್ರಿಕರು ಮೀಯಲು ಬರುವ ಕೂಡಲಿನ ಸನಿಹದ ಮಣ್ಣಿನಲ್ಲಿ ಅವರಿಗೆ ಮಡಕೆಚೂರುಗಳು, ಕಲ್ಲಿನ ಉಪಕರಣಗಳು ಮೊದಲಾದವು ದೊರೆತವು. ಇವುಗಳಲ್ಲಿ ವಿಶಿಷ್ಟವಾದವು ಸುಟ್ಟ ಮಣ್ಣಿನ ತಲೆಯಾಸರೆಗಳು. ಮಲಗುವಾಗ ಕತ್ತಿನ ಕೆಳಗೆ ಇಟ್ಟುಕೊಳ್ಳುವ ಇಂಥ ಸಾಧನಗಳು ಪ್ರಾಚೀನ ಈಜಿಪ್ಟಿನ ಸಮಾಧಿಗಳಲ್ಲಿಯೂ ದೊರೆತಿವೆ. ಈ ಹೋಲಿಕೆಯು ಸಂಪರ್ಕವನ್ನು ಸಿದ್ಧಪಡಿಸುವುದಿಲ್ಲ. ತಲೆಗೆ ಆಸರೆ ಬೇಕೆಂಬ ಅಗತ್ಯ ಎರಡೂ ಕಡೆಯ ಮನುಷ್ಯರಿಗೆ ಸಮಾನ. ನರಸೀಪುರದ ಈ ಆಸರೆಗಳನ್ನೇ ಕುರಿತು ಆಲ್ಚಿನ್ ಅವರು ವಿಶೇಷ ಲೇಖನವೊಂದನ್ನು ಬರೆದರು. ಅದು ಪ್ರಕಟವಾದದ್ದು 1966ರಲ್ಲಿ ಕಲ್ಕತ್ತೆಯಿಂದ ಹೊರಬಂದ ಫೂಟ್ ಸ್ಮಾರಕ ಸಂಪುಟದಲ್ಲಿ.

ಆಯುಧಗಳು ಮನುಷ್ಯನ ಶ್ರಮವನ್ನು ಹೇಳುತ್ತವೆ. ತಲೆಯಾಸರೆಯು ಅವನ ವಿಶ್ರಾಂತಿಯನ್ನು ಹೇಳುತ್ತದೆ. ಹೆಸರಿಲ್ಲದ ಒಂದು ನದಿದಂಡೆಯ ಊರು, ದಿನದ ಕೆಲಸ ಮುಗಿಸಿ ಮಲಗುವ ಅದರ ಹೆಂಗಸರು ಗಂಡಸರು, ಅವರ ಕೇಶಾಲಂಕಾರದ ಕಾಳಜಿಯೂ ಇದ್ದಿರಬಹುದು. ಇಷ್ಟನ್ನು ಊಹಿಸಲು ಅವಕಾಶವಾದದ್ದು ಬೇರೆಯವರು ಕಸವೆಂದು ಬಿಡಬಹುದಾಗಿದ್ದ ಮಣ್ಣಿನ ತುಂಡುಗಳನ್ನು ಫೂಟ್ ಅವರು ಆಯ್ದು, ಸ್ಥಳದ ಹೆಸರಿನೊಡನೆ ಜೋಪಾನ ಮಾಡಿದ್ದರಿಂದ.

ಸಂಗ್ರಹ ಮತ್ತು ಕೊನೆಯ ದಿನಗಳು

ನಾಲ್ಕು ದಶಕಗಳ ಸಂಚಾರದಲ್ಲಿ ನಾನೂರೈವತ್ತಕ್ಕೂ ಹೆಚ್ಚು ನೆಲೆಗಳಿಂದ ಕೂಡಿಬಂದ ಫೂಟ್ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಕೊಂಡಿತು. ವೃದ್ಧಾಪ್ಯದಲ್ಲಿಯೂ ಅವರು ಈ ವಸ್ತುಗಳ ವಿವರಣಾತ್ಮಕ ಸೂಚಿಯನ್ನೂ, ಅವುಗಳ ಕಾಲ ಮತ್ತು ಹಂಚಿಕೆಯನ್ನು ಕುರಿತ ಟಿಪ್ಪಣಿಗಳನ್ನೂ ಸಿದ್ಧಪಡಿಸುವುದರಲ್ಲಿ ತೊಡಗಿದ್ದರು. ಅಚ್ಚಾದ ರೂಪವನ್ನು ಕಾಣುವ ಭಾಗ್ಯ ಅವರದಾಗಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು. ಸಂಗ್ರಹದ ಸೂಚಿ 1914ರಲ್ಲಿಯೂ ಟಿಪ್ಪಣಿಗಳು 1916ರಲ್ಲಿಯೂ ಮದರಾಸಿನಿಂದ ಪ್ರಕಟವಾದವು. ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ಮರಣಾನಂತರದ ಪರೀಕ್ಷೆ

ಫೂಟ್ ಅವರ ತೀರ್ಮಾನಗಳಲ್ಲಿ ನಿಂತವೂ ಇವೆ, ಬಿದ್ದವೂ ಇವೆ. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ದೀರ್ಘವಾದ ಖಾಲಿ ಅವಧಿಯಿತ್ತೆಂದು ಅವರು ಭಾವಿಸಿದ್ದರು. ಮಧ್ಯ ಶಿಲಾಯುಗ, ಅಂತ್ಯ ಶಿಲಾಯುಗ, ಸೂಕ್ಷ್ಮ ಶಿಲಾಯುಗಗಳ ನೆಲೆಗಳು ಅನಂತರ ಬೆಳಕಿಗೆ ಬಂದು ಆ ಅಂತರವನ್ನು ತುಂಬಿದವು. ಅವರ ಸಂಗ್ರಹ ಬಹುಮಟ್ಟಿಗೆ ನೆಲದ ಮೇಲ್ಮೈಯಿಂದ ಆಯ್ದದ್ದು. ಒಂದೇ ನೆಲೆಯಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ನಿರ್ಧರಿಸಲು ಸ್ತರಬದ್ಧ ಉತ್ಖನನ ಬೇಕು. ಕರ್ನಾಟಕದಲ್ಲಿ ಅಂಥ ಕೆಲಸ ನಡೆದದ್ದು ಎಂ. ಎಚ್. ಕೃಷ್ಣ, 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವೀಲರ್, ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ ಮೊದಲಾದವರಿಂದ.

ನರಸೀಪುರದ ಸರದಿ ಬಂದದ್ದು 1959–60ರಲ್ಲಿ. ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ಅಲ್ಲಿ ಆರಂಭವಾದ ಉತ್ಖನನ 1960ರ ದಶಕದಲ್ಲಿಯೂ ಮುಂದುವರಿಯಿತು. ವರದಿ 1971ರಲ್ಲಿ ಹೊರಬಂದಿತು. ಕೆಳಗಿನ ಸ್ತರಗಳಲ್ಲಿ ಕೈಯಿಂದ ಮಾಡಿದ ಬೂದುಬಣ್ಣದ ಮಡಕೆ, ನಯಗೊಳಿಸಿದ ಕಲ್ಗೊಡಲಿ, ನೆಲೆಯೊಳಗೇ ಮಾಡಿದ ಶವಸಂಸ್ಕಾರಗಳಿಂದ ಕೂಡಿದ ನವಶಿಲಾಯುಗದ ಬದುಕು ಕಂಡಿತು. ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾ ಸಂಸ್ಕೃತಿಯ ಕಾಲ ಕಂಡಿತು. ಇಂಗಾಲ 14ರ ಪರೀಕ್ಷೆಗಳು ನವಶಿಲಾಯುಗದ ಆ ವಸತಿಯನ್ನು ಕ್ರಿ.ಪೂ. ಎರಡನೆಯ ಸಹಸ್ರಮಾನಕ್ಕೆ ಒಯ್ದವು. ತಲಕಾಡು ಗಂಗರ ರಾಜಧಾನಿಯಾಗುವುದಕ್ಕೆ ಎರಡು ಸಾವಿರ ವರ್ಷಗಳ ಮೊದಲೇ ಅದೇ ನದಿಯ ದಂಡೆಯಲ್ಲಿ ನೆಲೆನಿಂತ ಜನರಿದ್ದರೆಂಬುದು ಹೀಗೆ ಖಚಿತವಾಯಿತು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನವೂ ಇಂಥದೇ ಚಿತ್ರವನ್ನು ಕೊಟ್ಟಿತು. ಕರ್ನಾಟಕದ ಮೊದಲ ಊರುಗಳ ಚರಿತ್ರೆಯನ್ನು ಬಹುಮಟ್ಟಿಗೆ ಅದರ ನದಿಗಳ ಜೊತೆಗೆ ಬರೆಯಬೇಕೆಂಬುದು ಈ ಶೋಧಗಳ ಒಟ್ಟು ಸೂಚನೆ.

ಆ ಜನರು ಯಾರು ಎಂಬ ಪ್ರಶ್ನೆಗೆ ಮಾತ್ರ ಅವಸರದ ಉತ್ತರ ಸಲ್ಲದು. ಕಪಿಲೆಯ ಮೇಲ್ಕಣಿವೆಯಲ್ಲಿ ಜೇನುಕುರುಬರು, ಕಾಡುಕುರುಬರು ಇದ್ದಾರೆ. ಕೆಳಗಿನ ದಂಡೆಯ ಊರುಗಳಲ್ಲಿ ಮೀನು ಹಿಡಿಯುವ, ದೋಣಿ ನಡೆಸುವ ಬೆಸ್ತರು ಇದ್ದಾರೆ. ಇವರಲ್ಲಿ ಯಾರೊಬ್ಬರನ್ನೂ ಕಲ್ಗೊಡಲಿಯ ಕಾಲದಿಂದ ಬದಲಾಗದೆ ಬಂದವರೆಂದು ಹೇಳುವುದು ಅವರ ಸ್ವಂತ ಚರಿತ್ರೆಯನ್ನು ಅಲ್ಲಗಳೆದಂತೆ. ಹಾಗೆಯೇ, ಆ ಪ್ರಾಚೀನರೊಡನೆ ಇವರಿಗೆ ಯಾವ ನಂಟೂ ಇಲ್ಲವೆನ್ನುವುದಕ್ಕೂ ಆಧಾರವಿಲ್ಲ. ಮಡಕೆ ಮತ್ತು ಎಲುಬು ಕುಲದ ಹೆಸರನ್ನು ಹೇಳುವುದಿಲ್ಲ. ಸಾಕ್ಷ್ಯ ಎಲ್ಲಿಯವರೆಗೆ ಕರೆದೊಯ್ಯುತ್ತದೆಯೋ ಅಲ್ಲಿಗೆ ನಿಲ್ಲುವುದನ್ನು ಬೂದಿದಿಬ್ಬಗಳ ವಿಷಯದಲ್ಲಿ ಫೂಟ್ ಅವರೇ ತೋರಿಸಿಕೊಟ್ಟಿದ್ದಾರೆ.

ಮತ್ತೊಂದು ಮಿತಿಯನ್ನೂ ಹೇಳಬೇಕು. ಹಳ್ಳ ಯಾವುದು, ದಿಬ್ಬ ಯಾವುದು ಎಂದು ತೋರಿಸಿದ ಊರಿನವರ ನೆರವಿಲ್ಲದೆ ಇಷ್ಟು ನೆಲೆಗಳ ಶೋಧ ಸಾಧ್ಯವಿರಲಿಲ್ಲ. ಆದರೂ ಸಂಗ್ರಹ ನಿಂತಿರುವುದು ಒಬ್ಬರ ಹೆಸರಿನಲ್ಲಿ. ನರಸೀಪುರದ ಮಣ್ಣಿನಲ್ಲಿ ಹುಟ್ಟಿದ ತಲೆಯಾಸರೆಗಳು ಚೆನ್ನೈಗೆ ಸೇರಿದವು. ಕೂಡಲಿನಲ್ಲಿ ಮೀಯುವ ಜನರಿಗೆ ಅವುಗಳ ಸುದ್ದಿ ತಲುಪಲಿಲ್ಲ.

ಉಪಸಂಹಾರ

ಬಳ್ಳಾರಿಯ ಜನ ಈ ಋಣವನ್ನು ಬೇರೊಂದು ರೀತಿಯಲ್ಲಿ ತೀರಿಸಿದ್ದಾರೆ. ಸಂಗನಕಲ್ಲಿನ ಪ್ರಾಗಿತಿಹಾಸವನ್ನು ಪರಿಚಯಿಸುವ, ಪುರಾತತ್ತ್ವಜ್ಞ ರವಿ ಕೋರಿಶೆಟ್ಟರ್ ಅವರ ಶ್ರಮದಿಂದ ರೂಪುಗೊಂಡ ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಫೂಟ್ ಅವರ ಹೆಸರನ್ನಿಡಲಾಗಿದೆ. ಕಲ್ಲುಗಣಿಗಾರಿಕೆಯಿಂದ ಹಾನಿಗೊಳಗಾಗಿರುವ ಆ ಬೆಟ್ಟಗಳ ಮಹತ್ವವನ್ನು ಶಾಲಾ ಮಕ್ಕಳು ಅದೇ ನೆಲದಲ್ಲಿ ನಿಂತು ಅರಿಯುವ ಅವಕಾಶ ಇದರಿಂದ ದೊರೆತಿದೆ. ಕಾವೇರಿ–ಕಪಿಲೆಯರ ಕಣಿವೆಗೂ ಇಂಥ ಒಂದು ನೆಲೆ ಬೇಕು. ನದಿಯು ದಂಡೆಯನ್ನು ಕೊರೆಯುತ್ತಲೇ ಇರುತ್ತದೆ. ಮರಳು ಮತ್ತು ಮಣ್ಣು ತೆಗೆಯುವ ಮನುಷ್ಯನು ಅದಕ್ಕಿಂತ ವೇಗವಾಗಿ ಕೊರೆಯುತ್ತಾನೆ. ಶಾಸನದ ಕಲ್ಲು ಕೆಳಗೆ ಬಿದ್ದರೆ ಎತ್ತಿ ನಿಲ್ಲಿಸಬಹುದು. ಸ್ತರ ಕದಡಿದರೆ ಮತ್ತೆ ಜೋಡಿಸಲಾಗದು. ನಂಜನಗೂಡಿನಿಂದ ಸುತ್ತೂರಿನ ಮೂಲಕ ತಿರುಮಕೂಡಲಿನವರೆಗಿನ ಕಪಿಲೆಯ ಎರಡೂ ದಂಡೆಗಳ ವ್ಯವಸ್ಥಿತ ಕ್ಷೇತ್ರಕಾರ್ಯವನ್ನು ಹೊಸ ತಲೆಮಾರಿನ ಸಂಶೋಧಕರು ಕೈಗೊಂಡರೆ, ಫೂಟ್ ಅವರು ಒಂದು ಬಿಂದುವಿನಲ್ಲಿ ಕಂಡದ್ದು ಒಂದು ಕಣಿವೆಯ ಚರಿತ್ರೆಯಾಗಿ ಬೆಳೆಯಬಲ್ಲದು.